ಬೇಡವೆಂದ ಹಾಡು

ಜಾಝ್ ರೆಕಾರ್ಡುಗಳನ್ನು ಸಂಗ್ರಹಿಸುವವರ ಮನೆಯಲ್ಲಿ ಒಂದೇ ಹಾಡು ನಾಲ್ಕೈದು ರೂಪದಲ್ಲಿ ಸಿಗುವುದು ಹೊಸತೇನಲ್ಲ. ಹಳೆಯ ಎಲ್‌ಪಿ ಒಂದು, ಅದರ ಸಿಡಿ ಒಂದು, ಧ್ವನಿಯನ್ನು ಶುಚಿಗೊಳಿಸಿದ ಮರುಬಿಡುಗಡೆ ಇನ್ನೊಂದು, ‘ಸಮಗ್ರ’ ಎಂಬ ಹಣೆಪಟ್ಟಿ ಹೊತ್ತ ಪೆಟ್ಟಿಗೆಯೊಳಗೆ ಮತ್ತೊಂದು. ನನ್ನ ಕಪಾಟಿನಲ್ಲಿ ಚಾರ್ಲಿ ಪಾರ್ಕರ್‌ನ ‘ಲವರ್ ಮ್ಯಾನ್’ ಹೀಗೆ ಐದು ಕಡೆ ಇದೆ. ಐದೂ ಕಡೆ ಇರುವುದು 1946ರ ಜುಲೈ 29ರಂದು ಹಾಲಿವುಡ್‌ನ ಒಂದು ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ಅದೇ ಮೂರು ಚಿಲ್ಲರೆ ನಿಮಿಷ. ಆ ಮೂರು ನಿಮಿಷ ಮಾರಾಟಕ್ಕೆ ಬಂದದ್ದನ್ನು ನುಡಿಸಿದವನು ಕೊನೆಯವರೆಗೂ ಕ್ಷಮಿಸಲಿಲ್ಲ. ಕಲಾವಿದನೇ ಬೇಡವೆಂದದ್ದನ್ನು ಕೇಳುವ ಹಕ್ಕು ನನಗೆ ಎಲ್ಲಿಂದ ಬಂತು? ಈ ಪ್ರಶ್ನೆ ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿದೆ.

ಪಾರ್ಕರ್‌ನ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು. ಕದ್ರಿ ಗೋಪಾಲನಾಥರ ಕೈಯಲ್ಲಿ ನಾವು ನೋಡಿದ ಆಲ್ಟೊ ಸ್ಯಾಕ್ಸೊಫೋನೇ ಅವನ ವಾದ್ಯ. 1920ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದ ಈ ಕಪ್ಪು ಹುಡುಗ, ಇಪ್ಪತ್ತೈದು ತುಂಬುವಷ್ಟರಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮೊದಲಾದ ಗೆಳೆಯರ ಜೊತೆ ಸೇರಿ ಜಾಝ್‌ನ ನಡಿಗೆಯನ್ನೇ ಬದಲಿಸಿಬಿಟ್ಟ. ಆ ಹೊಸ ಶೈಲಿಗೆ ಬಿಬಾಪ್ ಎಂದು ಹೆಸರು. ಒಂದು ಜನಪ್ರಿಯ ಹಾಡಿನ ಸ್ವರಗಳ ಚೌಕಟ್ಟನ್ನಷ್ಟೇ ಉಳಿಸಿಕೊಂಡು, ಅದರ ಮೇಲೆ ಮಿಂಚಿನ ವೇಗದಲ್ಲಿ ಪೂರ್ತಿ ಹೊಸ ರಾಗರೇಖೆಯನ್ನು ಆ ಕ್ಷಣದಲ್ಲೇ ಕಟ್ಟುವುದು ಅದರ ಬಗೆ. ಹದಿಹರೆಯದಿಂದಲೇ ಅವನಿಗೆ ಹೆರಾಯಿನ್ ಅಂಟಿಕೊಂಡಿತ್ತು. 1955ರ ಮಾರ್ಚ್ 12ರಂದು ತೀರಿಕೊಂಡಾಗ ಅವನಿಗೆ ಕೇವಲ 34 ವರ್ಷ.

ಆ ಜುಲೈ ದಿನ ಅವನು ಸ್ಟುಡಿಯೋಗೆ ಬಂದಾಗಲೇ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಅವನಿಗೆ ಹೆರಾಯಿನ್ ಒದಗಿಸುತ್ತಿದ್ದವನನ್ನು ಪೊಲೀಸರು ಹಿಡಿದಿದ್ದರು. ಅದು ಸಿಗದೆ ಮದ್ಯದ ಮೊರೆ ಹೋಗಿದ್ದ. ಸ್ಟುಡಿಯೋದಲ್ಲಿದ್ದ ವೈದ್ಯರೊಬ್ಬರು ಮಾತ್ರೆ ಕೊಟ್ಟರು. ರೆಕಾರ್ಡಿಂಗ್ ಶುರುವಾಯಿತು. ಪಿಯಾನೊ ವಾದಕ ಜಿಮ್ಮಿ ಬನ್ ಪೀಠಿಕೆ ನುಡಿಸುತ್ತಾನೆ, ಪಾರ್ಕರ್ ಪ್ರವೇಶಿಸಬೇಕಾದ ಜಾಗ ಬರುತ್ತದೆ, ಸ್ಯಾಕ್ಸೊಫೋನ್ ಕೇಳಿಸುವುದಿಲ್ಲ. ಪಿಯಾನೊ ಕಾಯುತ್ತದೆ. ಆಮೇಲೆ ತಡವಾಗಿ, ಎಲ್ಲೋ ದೂರದಿಂದ ನಡೆದು ಬಂದವನ ಹಾಗೆ ಆ ಧ್ವನಿ ಸೇರಿಕೊಳ್ಳುತ್ತದೆ. ಒಂದು ಸಾಲು ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಂದು ಇದ್ದಕ್ಕಿದ್ದಂತೆ ಜೋರಾಗಿ ಹೊರಡುತ್ತದೆ. ಅದೇ ರಾತ್ರಿ ಅವನಿದ್ದ ಹೋಟೆಲಿನ ಕೋಣೆಯಲ್ಲಿ ಬೆಂಕಿ ಹತ್ತಿತು, ಪೊಲೀಸರು ಅವನನ್ನು ಹಿಡಿದರು, ಕೊನೆಗೆ ಅವನು ಕ್ಯಾಮರಿಯೊದ ಸರ್ಕಾರಿ ಮನೋರೋಗ ಆಸ್ಪತ್ರೆ ಸೇರಿದ. ಹೊರಗೆ ಬರಲು ಸುಮಾರು ಆರು ತಿಂಗಳು ಬೇಕಾಯಿತು.

ರೆಕಾರ್ಡ್ ಮಾಡಿಸಿದವನು ರಾಸ್ ರಸೆಲ್. ಹಾಲಿವುಡ್‌ನಲ್ಲಿ ಒಂದು ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ, ಅದೇ ವರ್ಷ ಡಯಲ್ ಎಂಬ ಪುಟ್ಟ ಕಂಪನಿ ತೆರೆದಿದ್ದ ಮನುಷ್ಯ. ಹೊಸ ಸಂಗೀತದ ಮೇಲೆ ನಿಜವಾದ ಪ್ರೀತಿ ಇದ್ದವನು, ಲೋಭಿ ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ದಿನದ ‘ಲವರ್ ಮ್ಯಾನ್’ ಅನ್ನು ಅವನು ಬಿಡುಗಡೆ ಮಾಡಿದ. ಅಂದಿನಿಂದ ಇಂದಿನವರೆಗೆ, ಪಾರ್ಕರ್‌ನ ಡಯಲ್ ರೆಕಾರ್ಡಿಂಗ್‌ಗಳನ್ನು ಒಟ್ಟುಮಾಡಿದ ‘ಸಮಗ್ರ’ ಪೆಟ್ಟಿಗೆಗಳಲ್ಲೆಲ್ಲ ಅದು ಇದ್ದೇ ಇರುತ್ತದೆ.

ಇದಕ್ಕೆ ಥಟ್ಟನೆ ಹೊಳೆಯುವ ಉತ್ತರವೆಂದರೆ, ಕಲಾವಿದನ ಮಾತೇ ಕೊನೆಯ ಮಾತು ಎನ್ನುವುದು. ಅವನು ಬೇಡ ಎಂದರೆ ಬೇಡ. ಕೇಳಲು ಇದು ಬಹಳ ನ್ಯಾಯವಾಗಿದೆ. ಆದರೆ ಜಾಝ್ ಮರುಬಿಡುಗಡೆಗಳ ಲೋಕದಲ್ಲಿ ಸ್ವಲ್ಪ ಕಾಲ ಓಡಾಡಿದವರಿಗೆ ಗೊತ್ತು, ಕಪಾಟಿನಲ್ಲಿ ಉಳಿದುಹೋದ ಟೇಪುಗಳೆಲ್ಲ ಕಲಾವಿದ ಬೇಡವೆಂದವುಗಳಲ್ಲ. ಎಷ್ಟೋ ಸಲ ಅವನನ್ನು ಯಾರೂ ಕೇಳಿಯೇ ಇರುವುದಿಲ್ಲ.

ಟೀನಾ ಬ್ರೂಕ್ಸ್ ಎಂಬ ಟೆನರ್ ಸ್ಯಾಕ್ಸೊಫೋನ್ ವಾದಕನಿದ್ದ. ಹೆಸರು ಕೇಳಿ ಹೆಂಗಸೆಂದುಕೊಳ್ಳಬೇಡಿ, ಟೀನಾ ಎಂಬುದು ಅವನ ಅಡ್ಡಹೆಸರು. 1958ರಿಂದ 1961ರ ನಡುವೆ ಬ್ಲೂ ನೋಟ್ ಕಂಪನಿಗೆ ತನ್ನ ನಾಯಕತ್ವದಲ್ಲಿ ನಾಲ್ಕು ಆಲ್ಬಂಗಳಿಗಾಗುವಷ್ಟು ನುಡಿಸಿದ. ಅವನು ಬದುಕಿದ್ದಾಗ ಹೊರಬಂದದ್ದು ಒಂದೇ, ‘ಟ್ರೂ ಬ್ಲೂ’. ‘ಬ್ಯಾಕ್ ಟು ದ ಟ್ರ್ಯಾಕ್ಸ್’ಗೆ ನಂಬರು ಕೂಡ ಕೊಟ್ಟಾಗಿತ್ತು, ಅಂಗಡಿಗೆ ಬರಲಿಲ್ಲ. 1974ರಲ್ಲಿ, 42ನೆಯ ವಯಸ್ಸಿನಲ್ಲಿ ಬ್ರೂಕ್ಸ್ ತೀರಿಕೊಂಡ. ಮೈಕೇಲ್ ಕಸ್ಕೂನ ಎಂಬ ಸಂಗೀತಪ್ರೇಮಿ ಬ್ಲೂ ನೋಟ್‌ನ ಉಗ್ರಾಣ ಹೊಕ್ಕು ಧೂಳು ಹಿಡಿದ ಟೇಪುಗಳನ್ನು ಒಂದೊಂದಾಗಿ ಕೇಳಿ ಪಟ್ಟಿ ಮಾಡಿದ. ಅವನೂ ಚಾರ್ಲಿ ಲೌರಿಯೂ ಕಟ್ಟಿದ ಮೊಸಾಯಿಕ್ ಎಂಬ ಸಂಸ್ಥೆ 1985ರಲ್ಲಿ ಬ್ರೂಕ್ಸ್‌ನ ನಾಲ್ಕೂ ಸೆಷನ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದಿತು. ಸತ್ತು ಹನ್ನೊಂದು ವರ್ಷಗಳ ಮೇಲೆ ಒಬ್ಬ ವಾದಕ ತನ್ನ ಪೂರ್ತಿ ಎತ್ತರದಲ್ಲಿ ಕಂಡ. ಇಲ್ಲಿ ಮರುಬಿಡುಗಡೆ ಎಂಬುದು ಕಳ್ಳತನವಲ್ಲ, ಬಾಕಿ ತೀರಿಸಿದ ಹಾಗೆ.

ಇನ್ನು ಕೆಲವು ಉಳಿದದ್ದು ಬರೀ ಜಾಗವಿಲ್ಲದೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. 1947ರ ಅಕ್ಟೋಬರ್ 28ರಂದು ಪಾರ್ಕರ್ ‘ಎಂಬ್ರೇಸಬಲ್ ಯು’ ಹಾಡನ್ನು ಎರಡು ಸಲ ನುಡಿಸಿದ. ಎರಡನ್ನೂ ಪಕ್ಕಪಕ್ಕದಲ್ಲಿ ಕೇಳಿದರೆ ಇವು ಒಂದೇ ಹಾಡು ಎಂದು ನಂಬುವುದು ಕಷ್ಟ. ಮೊದಲನೆಯದರಲ್ಲಿ ಪುಟ್ಟದೊಂದು ಸ್ವರಗುಚ್ಛವನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಎರಡನೆಯದರಲ್ಲಿ ಬೇರೆಯದೇ ದಾರಿ. ಇವೆರಡರಲ್ಲಿ ಒಂದನ್ನು ‘ತಿರಸ್ಕೃತ’ ಎಂದು ಕರೆಯುವುದು ಹೇಗೆ? ಹಾಗೆಯೇ 1961ರ ಜೂನ್ 25ರ ಭಾನುವಾರ ಪಿಯಾನೊ ವಾದಕ ಬಿಲ್ ಎವಾನ್ಸ್‌ನ ತಂಡ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ನುಡಿಸಿದ್ದು. ಹನ್ನೊಂದು ದಿನಕ್ಕೆ ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಹಾಗಾಗಿ ಮೊದಲ ಆಲ್ಬಂಗೆ ಹಾಡುಗಳನ್ನು ಆರಿಸುವಾಗ ಲಫಾರೊನ ನುಡಿಸಾಣಿಕೆ ಎದ್ದು ಕಾಣುವಂಥವನ್ನೇ ಆರಿಸಿದರು. ಉಳಿದವು ಕೆಟ್ಟದ್ದೆಂದಲ್ಲ, ದುಃಖಕ್ಕೆ ಬೇರೆ ಲೆಕ್ಕ ಇತ್ತು ಅಷ್ಟೆ. 2005ರಲ್ಲಿ ಆ ಇಡೀ ದಿನ ನಡೆದ ಕ್ರಮದಲ್ಲೇ ಬಂದಾಗ, ಮೊದಲ ಹಾಡಿನ ನಡುವೆ ಕರೆಂಟು ಹೋಗಿ ಟೇಪು ತಡವರಿಸಿದ್ದನ್ನೂ ಹಾಗೆಯೇ ಬಿಟ್ಟಿದ್ದರು.

ಆದ್ದರಿಂದ ‘ಉಳಿದದ್ದು’ ಎಂಬ ಒಂದೇ ಮಾತಿನಡಿ ನಾವು ಹಲವು ಸಂಗತಿಗಳನ್ನು ಕಲಸಿಬಿಡುತ್ತೇವೆ. ಕಂಪನಿ ಬಿಟ್ಟದ್ದು, ತಟ್ಟೆಯಲ್ಲಿ ಹಿಡಿಸದೆ ಬಿಟ್ಟದ್ದು, ಕಲಾವಿದನೇ ಒಲ್ಲೆನೆಂದು ಬಿಟ್ಟದ್ದು ಬೇರೆಬೇರೆ. ಇವುಗಳಾಚೆಗೆ ಇನ್ನೂ ಒಂದು ಇದೆ. ಒಲ್ಲೆ ಎನ್ನುವ ಶಕ್ತಿಯೂ ಇಲ್ಲದ ಹೊತ್ತಿನಲ್ಲಿ ಒಬ್ಬನಿಂದ ತೆಗೆದುಕೊಂಡದ್ದು. ‘ಲವರ್ ಮ್ಯಾನ್’ ಈ ಕೊನೆಯ ಬಗೆಯದು. ಮೊದಲ ಎರಡಕ್ಕೆ ಸಲ್ಲುವ ಸಮರ್ಥನೆಯನ್ನು ನಾವು ಸಂಗ್ರಾಹಕರು ಸದ್ದಿಲ್ಲದೆ ಕೊನೆಯದಕ್ಕೂ ಬಳಸಿಕೊಳ್ಳುತ್ತೇವೆ.

ಎರಡನೆಯ ಉತ್ತರ ಇದರ ತದ್ವಿರುದ್ಧ. ಕಲೆ ಒಮ್ಮೆ ಹುಟ್ಟಿದ ಮೇಲೆ ಅದು ಲೋಕದ ಸೊತ್ತು, ಕಲಾವಿದ ತನ್ನ ಕೃತಿಯ ಒಳ್ಳೆಯ ತೀರ್ಪುಗಾರನಲ್ಲ ಎನ್ನುವ ವಾದ. ಕವಿಗಳ ಕರಡು ಪ್ರತಿಗಳನ್ನು ಓದುವುದಿಲ್ಲವೇ, ಹಾಗೆಯೇ ಇದೂ ಎನ್ನುತ್ತಾರೆ. ಆದರೆ ಈ ಹೋಲಿಕೆ ಎಳೆದಷ್ಟು ದೂರ ಬರುವುದಿಲ್ಲ. ಕವಿ ಮನೆಯಲ್ಲಿ ಕೂತು ಗೀಚುತ್ತಾನೆ, ಹೊಡೆದು ಹಾಕುತ್ತಾನೆ, ಕೊನೆಗೆ ಒಂದು ಶುದ್ಧಪ್ರತಿ ಕೊಡುತ್ತಾನೆ. ಮನೋಧರ್ಮದ ಸಂಗೀತಕ್ಕೆ ಕರಡೆಂಬುದಿಲ್ಲ. ಪ್ರತಿಯೊಂದು ಟೇಕೂ ಒಂದು ಮುಗಿದ ಕ್ರಿಯೆ, ಆ ಮನುಷ್ಯನ ಬದುಕಿನ ಅಷ್ಟು ನಿಮಿಷಗಳು. ಅದನ್ನು ಅವನು ಹೊಡೆದು ಹಾಕಲಾರ, ‘ಇದನ್ನು ಬಿಡಿ’ ಎಂದು ಕೇಳಿಕೊಳ್ಳಬಲ್ಲ ಅಷ್ಟೆ. ಸ್ಟುಡಿಯೋದ ಯಂತ್ರ, ಟೇಪು, ತಟ್ಟೆ ಎಲ್ಲ ಬೇರೆಯವರದ್ದಾಗಿರುವಾಗ ಆ ಒಂದು ಮಾತೇ ಅವನ ಕೈಲಿದ್ದ ರಬ್ಬರು.

ಹಾಗೆಂದು ಉಳಿಕೆಗಳಿಂದ ನಾವು ಕಲಿಯುವುದು ಕಡಿಮೆಯೇನಲ್ಲ. 1945ರ ನವೆಂಬರ್ 26ರ ‘ಕೋ-ಕೋ’ ರೆಕಾರ್ಡಿಂಗ್‌ನ ಮೊದಲ ಟೇಕು ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತದೆ. ‘ಚೆರೊಕೀ’ ಎಂಬ ಹಾಡಿನ ಚೌಕಟ್ಟಿನ ಮೇಲೆ ಕಟ್ಟಿದ್ದು ಅದು. ಪಾರ್ಕರ್, ಗಿಲೆಸ್ಪಿ ಇಬ್ಬರೂ ಆ ಮೂಲ ಹಾಡಿನ ಧಾಟಿಯನ್ನೇ ಹಿಡಿದುಬಿಟ್ಟಾಗ ಸಿಳ್ಳೆ ಹಾಕಿ ನಿಲ್ಲಿಸುವುದು ಕೇಳಿಸುತ್ತದೆ. ಮೂಲ ಧಾಟಿ ಬಂದರೆ ಅದರ ಒಡೆಯರಿಗೆ ಗೌರವಧನ ಕೊಡಬೇಕಾಗುತ್ತದೆ ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಬಿಬಾಪ್‌ನ ಸೌಂದರ್ಯದ ಹಿಂದೆ ಜಿಪುಣ ಲೆಕ್ಕಾಚಾರವೂ ಇತ್ತೆಂದು ಈ ಅರೆಬರೆ ತುಣುಕಿನಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಇದನ್ನು ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಸಂಗ್ರಹಿಸುವವರ ಆಸೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಡೀನ್ ಬೆನೆಡೆಟ್ಟಿಯ ಕಥೆ ಇದೆ. ಅವನೂ ಸ್ಯಾಕ್ಸೊಫೋನ್ ವಾದಕ, ಪಾರ್ಕರ್‌ನ ಪರಮಭಕ್ತ. 1947–48ರಲ್ಲಿ ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಪಾರ್ಕರ್ ನುಡಿಸಿದ್ದನ್ನು ತನ್ನದೇ ಯಂತ್ರ ಹೊತ್ತೊಯ್ದು ಮುದ್ರಿಸಿಕೊಂಡ. ಪಾರ್ಕರ್ ಶುರು ಮಾಡಿದಾಗ ಯಂತ್ರ ಶುರು, ಪಾರ್ಕರ್ ನಿಲ್ಲಿಸಿದಾಗ ಯಂತ್ರವೂ ಬಂದ್. ಬೇರೆಯವರ ಸರದಿ ಅವನಿಗೆ ಬೇಕಿರಲಿಲ್ಲ. 1990ರಲ್ಲಿ ಮೊಸಾಯಿಕ್ ಇದನ್ನು ಏಳು ಸಿಡಿಗಳಲ್ಲಿ ತಂದಿತು. ಕೇಳುತ್ತಾ ಹೋದರೆ ತಲೆ ತಿರುಗಿದ ಹಾಗಾಗುತ್ತದೆ, ಎಲ್ಲ ಹಾಡೂ ತಲೆ ಬಾಲವಿಲ್ಲದ್ದು. ಪಾರ್ಕರ್ ಗಾಳಿಗೆ ಬಿಟ್ಟುಕೊಟ್ಟದ್ದನ್ನು ಹಿಡಿದಿಟ್ಟ ಈ ಮನುಷ್ಯ, ಅದೇ ವೇದಿಕೆಯ ಮೇಲಿದ್ದ ಉಳಿದವರನ್ನು ಕಸಕ್ಕೆ ಹಾಕಿದ. ಸಂಗ್ರಾಹಕನ ಪ್ರೀತಿಯಲ್ಲಿ ಉಳಿಸುವುದೂ ಎಸೆಯುವುದೂ ಒಟ್ಟಿಗೇ ಇರುತ್ತವೆ. ಪ್ರೀತಿ ಇದೆ ಎಂಬುದೊಂದೇ ಹಕ್ಕು ಕೊಡುವುದಿಲ್ಲ ಎಂದು ನನಗೆ ಮೊದಲು ಅನ್ನಿಸಿದ್ದು ಈ ಏಳು ಸಿಡಿಗಳನ್ನು ಕೇಳಿದ ಮೇಲೆ.

ನಮ್ಮ ಕೇಳುಗರ ಗುಂಪಿನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಅವನ ವಾದ ನೇರ. ‘ಲವರ್ ಮ್ಯಾನ್’ನಲ್ಲಿ ಪಾರ್ಕರ್ ತನ್ನ ಚಾತುರ್ಯವನ್ನೆಲ್ಲ ಕಳೆದುಕೊಂಡಿದ್ದಾನೆ, ಉಳಿದಿರುವುದು ಬರೀ ಮನುಷ್ಯ. ಅದಕ್ಕೇ ಅದು ದೊಡ್ಡದು. ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನಂಥವನೇ ಅದನ್ನು ಪಾರ್ಕರ್‌ನ ಉತ್ತಮ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿದ್ದ ಎಂದು ಅವನು ನೆನಪಿಸುತ್ತಾನೆ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆ ತಡವಾದ ಪ್ರವೇಶ ಕೇಳಿದಾಗ ನನ್ನ ಎದೆಯೂ ಹಿಂಡುತ್ತದೆ. ಆದರೆ ಹಿಂಡುತ್ತಿರುವುದು ಏನು? ಸಂಗೀತವೇ, ಅಥವಾ ಆ ರಾತ್ರಿ ಏನಾಯಿತು ಎಂಬ ನನ್ನ ತಿಳಿವೇ? ಈ ಎರಡನ್ನು ಬಿಡಿಸಲು ಎಷ್ಟು ಸಲ ಯತ್ನಿಸಿದರೂ ನನಗೆ ಸಾಧ್ಯವಾಗಿಲ್ಲ.

ಈ ಪ್ರಶ್ನೆ ಒಮ್ಮೆ ನನ್ನ ಮನೆಯೊಳಗೂ ಬಂತು. ನನ್ನ ಸೋದರತ್ತೆ ಚೆನ್ನಾಗಿ ದೇವರನಾಮ ಹಾಡುತ್ತಿದ್ದರು. ಕೊನೆಯ ವರ್ಷಗಳಲ್ಲಿ ಮಾವ ಅವರ ಹಾಡುಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಇಬ್ಬರೂ ಹೋದ ಮೇಲೆ, ರೆಕಾರ್ಡಿನ ಹುಚ್ಚು ಇರುವವನೆಂದು ಅವರ ಮಗಳು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಡಲು ನನ್ನ ಕೈಗೆ ಕೊಟ್ಟಳು. ಮೂರು ಹಾಡು ಸೊಗಸಾಗಿವೆ. ನಾಲ್ಕನೆಯದರ ನಡುವೆ ಅತ್ತೆಗೆ ಸಾಲು ಮರೆಯುತ್ತದೆ. ಮತ್ತೆ ಹಿಂದಿನಿಂದ ಶುರು ಮಾಡುತ್ತಾರೆ, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾರೆ. ಆಮೇಲೆ ಹಾಡಿನ ದನಿಯಲ್ಲದ, ದಿನದ ಮಾತಿನ ದನಿಯಲ್ಲಿ, “ಇದು ಬೇಡ, ಅಳಿಸಿಬಿಡಿ” ಎನ್ನುತ್ತಾರೆ. ಮಾವ ಅಳಿಸಿರಲಿಲ್ಲ.

ಕುಟುಂಬದ ವಾಟ್ಸಾಪ್ ಗುಂಪಿನವರಿಗೆ ಎಲ್ಲವೂ ಬೇಕಿತ್ತು. ನಾನು ಗುಂಪಿಗೆ ಮೂರು ಹಾಡು ಕಳಿಸಿದೆ. ನಾಲ್ಕನೆಯದನ್ನೂ ಮಾತನ್ನೂ ಸೇರಿಸಿ ಪೂರ್ತಿ ಪ್ರತಿಯನ್ನು ಮಗಳಿಗೆ ಮಾತ್ರ ಕೊಟ್ಟು, ಮುಂದಿನದು ನಿನ್ನ ತೀರ್ಮಾನ ಎಂದೆ. ಅವಳು ಯಾರಿಗೂ ಕೊಡಲಿಲ್ಲ. ಆದರೆ ಕೆಲವು ತಿಂಗಳಾದ ಮೇಲೆ ಹೇಳಿದಳು: ತಾನು ಹೆಚ್ಚಾಗಿ ಕೇಳುವುದು ಆ ನಾಲ್ಕನೆಯದನ್ನೇ ಅಂತೆ. ಹಾಡುಗಳಲ್ಲಿ ಅಮ್ಮ ಎಲ್ಲರಿಗಾಗಿ ಹಾಡುತ್ತಾಳೆ, ‘ಅಳಿಸಿಬಿಡಿ’ ಎನ್ನುವಾಗ ಮಾತ್ರ ಮನೆಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ ಎಂದಳು.

ಗೆಳೆಯನಿಗೆ ಇದನ್ನು ಹೇಳಿದಾಗ, ನೋಡು, ನನ್ನ ವಾದವೇ ಗೆದ್ದಿತು ಎಂದ. ಅರ್ಧ ಗೆದ್ದಿತು ಎಂದು ನಾನೂ ಒಪ್ಪುತ್ತೇನೆ. ಬೇಡವೆಂದದ್ದರಲ್ಲೇ ಒಬ್ಬರು ಹೆಚ್ಚು ಜೀವಂತವಾಗಿ ಉಳಿದಿರಬಹುದು. ಆದರೆ ಮಗಳು ಕೇಳುವುದಕ್ಕೂ ನೂರು ಜನ ನೆಂಟರು ಬೆಳಗಿನ ಕಾಫಿಯ ಜೊತೆ ಕೇಳುವುದಕ್ಕೂ ವ್ಯತ್ಯಾಸ ಇದೆ. ಮಗಳಿಗೆ ಆ ತಡವರಿಕೆ ತನ್ನ ಅಮ್ಮನ ಇಡೀ ಬದುಕಿನ ಒಂದು ತುಣುಕು. ಉಳಿದವರಿಗೆ ಅದು ‘ಪಾಪ, ಕೊನೆಗೆ ಮರೆವು ಬಂದಿತ್ತು’ ಎಂಬ ಒಂದು ಸುದ್ದಿ. ಅದೇ ಶಬ್ದ ಒಂದು ಕಿವಿಯಲ್ಲಿ ನೆನಪಾಗುತ್ತದೆ, ಇನ್ನೊಂದರಲ್ಲಿ ಹರಟೆಯಾಗುತ್ತದೆ.

ಪಾರ್ಕರ್‌ಗೆ ನಾವು ಮಕ್ಕಳಲ್ಲ, ನೆಂಟರೂ ಅಲ್ಲ, ದುಡ್ಡು ಕೊಟ್ಟು ಕೊಂಡವರು. ನಮಗೆ ಸುದ್ದಿ ಮಾರುವ ವ್ಯಾಪಾರ ಆಗಲೇ ಶುರುವಾಗಿತ್ತು. ಆ ಸೆಷನ್‌ನಲ್ಲಿ ಹಾಜರಿದ್ದ ಪತ್ರಕರ್ತ ಎಲಿಯಟ್ ಗ್ರೆನಾರ್ಡ್ 1947ರಲ್ಲೇ ಅದರ ಮೇಲೆ ಒಂದು ಸಣ್ಣಕತೆ ಬರೆದು ಹಾರ್ಪರ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಅಲ್ಲಿಂದಾಚೆ ಯಾವ ಮರುಬಿಡುಗಡೆಯ ಪುಸ್ತಿಕೆ ತೆರೆದರೂ ಬೆಂಕಿ, ಪೊಲೀಸು, ಆಸ್ಪತ್ರೆಯ ಕಥೆ ಬಂದೇ ಬರುತ್ತದೆ. ನಾನೂ ಈ ಲೇಖನದಲ್ಲಿ ಅದನ್ನು ಹೇಳಲೇಬೇಕಾಯಿತು, ಏಕೆಂದರೆ ಆ ಕಥೆ ಇಲ್ಲದೆ ಅವನ ಸಿಟ್ಟು ಅರ್ಥವಾಗುವುದಿಲ್ಲ. ತೊಡಕು ಇರುವುದೇ ಇಲ್ಲಿ. ಕಥೆ ಹೇಳದೆ ರೆಕಾರ್ಡ್ ಹಾಕಿದರೆ ಕೇಳುಗರಿಗೆ ಮೋಸ, ಹೇಳಿ ಹಾಕಿದರೆ ಅದು ಕುಸಿದು ಬೀಳುವವನನ್ನು ನೋಡಲು ಟಿಕೆಟು ಕೊಟ್ಟ ಹಾಗೆ. ಕಪ್ಪು ಸಂಗೀತಗಾರರ ನೋವನ್ನು ಅವರ ಪ್ರತಿಭೆಯ ಪುರಾವೆಯೆಂಬಂತೆ ಸವಿಯುವ ಅಭ್ಯಾಸ ಜಾಝ್ ಕೇಳುಗರಲ್ಲಿ ಹಳೆಯದು. ಹೀಗೆ ಸವಿಯುವಾಗ ಗಂಟೆಗಟ್ಟಲೆ, ವರ್ಷಗಟ್ಟಲೆ ಮಾಡಿದ ಸಾಧನೆ ಮರೆತುಹೋಗುತ್ತದೆ.

ಹಾಗಾದರೆ ಆ ರೆಕಾರ್ಡನ್ನು ನಾಶಮಾಡಬೇಕೇ? ಅದು ನನ್ನ ನಿಲುವಲ್ಲ. 1946ರಲ್ಲಿ ಅದನ್ನು ಬಿಡುಗಡೆ ಮಾಡದೆ ಇರುವುದು ರಸೆಲ್‌ನ ಕರ್ತವ್ಯವಾಗಿತ್ತು, ಏಕೆಂದರೆ ಆಗ ಹಾನಿ ಆಗುವ ಮನುಷ್ಯ ಬದುಕಿದ್ದ, ಮತ್ತೆ ನುಡಿಸಿ ಅನ್ನ ಸಂಪಾದಿಸಬೇಕಿತ್ತು. ಇಂದು ಅದನ್ನು ಹೂತುಹಾಕಿದರೆ ಆ ಅನ್ಯಾಯದ ಸಾಕ್ಷ್ಯವೂ ಹೂತುಹೋಗುತ್ತದೆ. ನಮಗೆ ಉಳಿದಿರುವುದು ಅದರ ಜೊತೆ ಅವನ ‘ಬೇಡ’ವನ್ನೂ ಉಳಿಸಿಕೊಳ್ಳುವುದು. ಎಲ್ಲವನ್ನೂ ಕೂಡಿಡುವ ನಾವು, ಪ್ರತಿ ಟೇಕಿನ ನಂಬರನ್ನೂ ಬಾಯಿಪಾಠ ಹೇಳುವ ನಾವು, ಈ ಒಂದು ಮಾತನ್ನು ಮಾತ್ರ ಸಂಗ್ರಹಕ್ಕೆ ಸೇರದ ಅಡಿಟಿಪ್ಪಣಿ ಎಂದುಕೊಳ್ಳುತ್ತೇವೆ. ಅತ್ತೆಯ ಕ್ಯಾಸೆಟ್ಟಿನಲ್ಲಿ ಆ ಮಾತು ಹಾಡಿನ ಬೆನ್ನಿಗೇ ಇತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. ಪಾರ್ಕರ್‌ನ ತಟ್ಟೆಯಲ್ಲಿ ಅದಿಲ್ಲ, ಕೇಳುವವರು ತಾವೇ ತಂದು ಸೇರಿಸಿಕೊಳ್ಳಬೇಕು.

ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಪಾರ್ಕರ್ ಸಿಟ್ಟು ಮಾಡಿಕೊಂಡು ಸುಮ್ಮನೆ ಕೂತವನಲ್ಲ. 1951ರ ಆಗಸ್ಟ್ 8ರಂದು, ರೆಡ್ ರಾಡ್ನಿ, ಜಾನ್ ಲೂಯಿಸ್, ರೇ ಬ್ರೌನ್, ಕೆನ್ನಿ ಕ್ಲಾರ್ಕ್ ಜೊತೆಗಿದ್ದಾಗ ಅದೇ ‘ಲವರ್ ಮ್ಯಾನ್’ ಅನ್ನು ಮತ್ತೆ ರೆಕಾರ್ಡ್ ಮಾಡಿದ. ಈ ಸಲ ಅವನು ಎಲ್ಲಿ ಬರಬೇಕೋ ಅಲ್ಲೇ ಬರುತ್ತಾನೆ. ಉಸಿರು ಗಟ್ಟಿಯಾಗಿದೆ, ಸಾಲುಗಳು ಪೂರ್ತಿಯಾಗುತ್ತವೆ. ಮೊದಲನೆಯದರಷ್ಟು ಇದು ಪ್ರಸಿದ್ಧವಲ್ಲ. ‘ಅಷ್ಟು ನೋವಿಲ್ಲ’ ಎಂದು ಇದನ್ನು ಬದಿಗಿಡುವವರನ್ನು ನಾನು ಕಂಡಿದ್ದೇನೆ. ನನಗೆ ಮಾತ್ರ ಇದು, ತನ್ನ ಬಗ್ಗೆ ಊರೆಲ್ಲ ಮಾತಾಡಿದ ಮೇಲೆ ಒಬ್ಬ ಮನುಷ್ಯ ಎದ್ದು ನಿಂತು ತನ್ನ ಮಾತನ್ನು ತಾನೇ ಹೇಳಿದ ಹಾಗೆ ಕೇಳಿಸುತ್ತದೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಯಾರಾದರೂ ‘ಲವರ್ ಮ್ಯಾನ್’ ಹಾಕು ಎಂದರೆ ನಾನು ಮೊದಲು ಹಾಕುವುದು 1951ರದ್ದನ್ನು. ಇದು ಅವನು ಕೊಟ್ಟದ್ದು ಎಂದು ಹೇಳುತ್ತೇನೆ. ಆಮೇಲೂ ಇನ್ನೊಂದನ್ನು ಕೇಳಬೇಕೆಂದವರಿಗೆ, ಅದು ಅವನು ಕೊಡದೆ ನಮಗೆ ಸಿಕ್ಕಿದ್ದು ಎಂದು ಹೇಳಿ ಕೇಳಿಸುತ್ತೇನೆ. ಆರನೆಯ ಪ್ರತಿಯನ್ನು ಎಷ್ಟೇ ಚೆನ್ನಾಗಿ ಶುಚಿಗೊಳಿಸಿ ತಂದರೂ ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಯಾರು ಯಾವುದನ್ನು ಯಾವ ಸರದಿಯಲ್ಲಿ ಕೇಳಬೇಕೆಂದು ವಿಧಿಸಲು ನೀನಾರು ಎಂದು ಗೆಳೆಯ ಈಗಲೂ ರೇಗುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಈಚೆಗೆ ಒಂದೆರಡು ಸಲ, ಮೊದಲನೆಯದು ಮುಗಿದ ಮೇಲೆ ಇನ್ನೊಂದನ್ನು ಹಾಕಲೇ ಎಂದು ನಾನು ಕೇಳಿದಾಗ, ಇವತ್ತಿಗೆ ಸಾಕು ಎಂದವನು ಅವನೇ.